ಮಾವನವರ ಕೌದಿ ಕೋಟು

ಪೂರ್ವಿ, ಆಕಾಶ, ಇಬ್ಬರೂ ಕೇಳಿ. ಮೊನ್ನೆ ಭಾನುವಾರ ಪೂರ್ವಿ ತನ್ನ ಹೊಸ ಬೈಕಿನ ಸಾಮಾನನ್ನೆಲ್ಲ ನನ್ನ ಮಂಚದ ಮೇಲೆ ಹರಡಿಕೊಂಡು ಕೂತಿದ್ದಳಲ್ಲ, ಆವತ್ತಿನಿಂದ ನನ್ನ ತಲೆಯಲ್ಲಿ ಒಂದು ಹಳೆಯ ಕೋಟು ನೇತಾಡುತ್ತಿದೆ. ಕರಿ ಜಾಕೆಟ್ಟಿನ ತೋಳಿನೊಳಗಿಂದ ಆಮೆಯ ಚಿಪ್ಪಿನಂಥ ಒಂದು ತುಂಡನ್ನು ಎಳೆದು ನನ್ನ ಅಂಗೈಯಲ್ಲಿಟ್ಟು, "ಬಿದ್ರೆ ಇದು ಮೊಣಕೈ ಕಾಯುತ್ತೆ ಅಜ್ಜೀ, ನಿಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಅಂದಳು. ಆಕಾಶ ನಕ್ಕ. ನಾನೂ ನಕ್ಕೆ. "ಇತ್ತು ಮಗಾ" ಎಂಬ ಮಾತು ಬಾಯಿಯವರೆಗೆ ಬಂದಿತ್ತು. ನಾನು ಅದನ್ನು ಹೊರಗೆ ತರುವಷ್ಟರಲ್ಲಿ ನೀವಿಬ್ಬರೂ ಹೆಲ್ಮೆಟ್ಟಿನ ಬಣ್ಣದ ಜಗಳಕ್ಕೆ ಹೋಗಿಬಿಟ್ಟಿದ್ದಿರಿ.

ನನ್ನದು ಯಾವಾಗಲೂ ಹೀಗೇ. ತೊಗರ್ಸಿ ಪಕ್ಕದ ನಮ್ಮ ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ನನಗೆ ಉತ್ತರ ಗೊತ್ತಿರುತ್ತಿತ್ತು. ಆದರೆ ನಾನು ನೆಲದ ಸಗಣಿ ಸಾರಣೆಯನ್ನು ನೋಡುತ್ತ ನಿಲ್ಲುತ್ತಿದ್ದೆ. ಉತ್ತರ ಹೇಳುವ ಧೈರ್ಯ ಬರುವಾಗ ಮನೆಗೆ ಬಂದಾಗಿರುತ್ತಿತ್ತು. ಅಡಿಗೆ ಮನೆಯಲ್ಲಿ ಅವ್ವನಿಗೆ ಹೇಳುತ್ತಿದ್ದೆ. ಈಗ ನಿಮಗೆ ಬರೆಯುತ್ತಿರುವುದೂ ಹಾಗೇ, ತಡವಾಗಿ ಹೇಳಿದ ಉತ್ತರ ಅಂದುಕೊಳ್ಳಿ.

ಇದು ನಿಮ್ಮ ಮುತ್ತಜ್ಜನ ಕತೆ. ನನ್ನ ಮಾವ. ಸೊರಬದಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಎಲ್ಲರಿಗೂ ಶೇಕ್ದಾರ್ರು. ಶೇಕ್ದಾರ ಅಂದರೆ ಹೋಬಳಿಯ ಕಂದಾಯ ನೋಡಿಕೊಳ್ಳುವ ಅಧಿಕಾರಿ. ಹೊಲದ ಗಡಿ, ಪಹಣಿ, ಬಗರ್‌ಹುಕುಂ ಜಮೀನು, ಅಣ್ಣತಮ್ಮಂದಿರ ತಕರಾರು, ಎಲ್ಲಕ್ಕೂ ಅವರೇ ಸ್ಥಳಕ್ಕೆ ಹೋಗಿ ನೋಡಬೇಕು. ಆಗ ಹಳ್ಳಿಗಳಿಗೆ ರಸ್ತೆ ಎಲ್ಲಿತ್ತು? ಕುದುರೆಯ ಮೇಲೆ ಹೋಗುತ್ತಿದ್ದರು. ಗಂಗೆ ಅಂತ ಒಂದು ಕಂದು ಬಣ್ಣದ ಹೆಣ್ಣು ಕುದುರೆ. ಕಚ್ಚೆ ಪಂಚೆ, ಮುಚ್ಚು ಕೋಟು, ಜರಿಯಂಚಿನ ರುಮಾಲು ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ಅದರ ಮೇಲೆ ಕೂತರೆ, ಹೊಸ ಸೊಸೆಯಾದ ನಾನು ಕಿಟಕಿಯ ಸಂದಿನಲ್ಲಿ ನೋಡಿ, ಈ ಮನುಷ್ಯರ ಎದುರಿಗೆ ನಾನು ಜನ್ಮದಲ್ಲಿ ಬಾಯಿಬಿಡಲಾರೆ ಅಂದುಕೊಂಡಿದ್ದೆ. ಬಾಯಿಬಿಡುವ ಪದ್ಧತಿಯೂ ಇರಲಿಲ್ಲ ಅನ್ನಿ. ಸೊಸೆ ಮಾವನ ಎದುರು ನಿಲ್ಲಬಾರದು, ಮಾತಾಡಬಾರದು. ನನಗೆ ಅದರಿಂದ ಬಹಳ ಅನುಕೂಲವಾಗಿತ್ತು.

ಮಾವನವರಿಗೆ ಪೆನ್ಷನ್ ಆದ ವರ್ಷವೇ ಗಂಗೆ ಸತ್ತಿತು. ವಯಸ್ಸಾಗಿತ್ತು. ಆಮೇಲೆ ಅವರು ಜಗಲಿಯಲ್ಲಿ ಕೂರುವುದಕ್ಕೆ ಶುರು ಮಾಡಿದರು. ಬೆಳಿಗ್ಗೆ ಕೂತರೆ ಊಟಕ್ಕೆ ಏಳುವುದು, ಊಟ ಮಾಡಿ ಮತ್ತೆ ಅಲ್ಲೇ. ಯಾರಾದರೂ ಮಾತಾಡಿಸಿದರೆ ಒಂದು ಮಾತು, ಇಲ್ಲದಿದ್ದರೆ ಅದೂ ಇಲ್ಲ. ರುಮಾಲು ಗೂಟದಲ್ಲೇ ಇರುತ್ತಿತ್ತು. ಅನ್ನ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ಡಾಕ್ಟರು ಬಂದು ಎದೆ ನೋಡಿ, ನಾಲಿಗೆ ನೋಡಿ, ಏನೂ ಕಾಯಿಲೆ ಇಲ್ಲ ಅಂದರು. ಮನುಷ್ಯ ಕಣ್ಣೆದುರಿಗೇ ಕರಗುತ್ತಿದ್ದರು. ಅತ್ತೆ ಯಾವ ದೇವರಿಗೆ ಹರಕೆ ಹೇಳಿಕೊಂಡರೋ ಲೆಕ್ಕವಿಲ್ಲ.

ಯಾವ ದೇವರು ಕೇಳಿಸಿಕೊಂಡನೋ ಗೊತ್ತಿಲ್ಲ, ಕೊಟ್ಟದ್ದು ಮಾತ್ರ ಒಂದು ಫಟಫಟಿಯನ್ನು. ಅಂಬ್ಲಿಗೊಳದ ಕಡೆ ಕೆಲಸಕ್ಕೆ ಬಂದಿದ್ದ ಒಬ್ಬ ಓವರ್‌ಸಿಯರು ವರ್ಗವಾಗಿ ಹೋಗುವಾಗ ತನ್ನ ಮೋಟಾರು ಸೈಕಲ್ಲು ಮಾರಿಹೋಗುವವನಿದ್ದ. ಮಿಲಿಟರಿಯವರ ಹಸಿರು ಬಣ್ಣ, ಕಪ್ಪೆಯ ಹಾಗೆ ಕೂತ ಟ್ಯಾಂಕು. ಮಾವನವರು ಯಾರಿಗೂ ಹೇಳದೆ ಒಂದು ದಿನ ಬಸ್ಸಿನಲ್ಲಿ ಹೋಗಿ, ಸಂಜೆ ಅದನ್ನು ಎತ್ತಿನ ಗಾಡಿಯ ಮೇಲೆ ಮಲಗಿಸಿಕೊಂಡು ಬಂದರು. ತಾವು ಗಾಡಿಯ ಹಿಂದೆ ನಡೆದು ಬರುತ್ತಿದ್ದರು. ರುಮಾಲು ತಲೆಯ ಮೇಲಿತ್ತು.

ಅತ್ತೆ ಬಾಗಿಲಿಗೆ ಬಂದು ನೋಡಿದರು.

"ಇದೆಂತ ತಂದ್ರಿ?"

"ಕುದುರೆ," ಅಂದರು ಮಾವ.

"ಐವತ್ತೈದು ದಾಟಿದವರು ಇಂಥಾದ್ದನ್ನ ಹತ್ತುತಾರಾ? ಜನ ಎಂತ ಅಂತಾರೆ?"

"ಜನ ಅನ್ನೋದನ್ನ ನನ್ನ ಸರ್ವೀಸೆಲ್ಲಾ ಕೇಳಿದೀನಿ ಇವಳೇ. ಪಕ್ಕದ ಮನೆಯವನ ಬೇಲಿ ಬಿಟ್ರೆ ಅವರಿಗೆ ಬೇರೆ ವಿಷಯ ಇಲ್ಲ."

ಆ ರಾತ್ರಿ ಅವರು ಅನ್ನವನ್ನು ಎರಡನೆ ಸಲ ಹಾಕಿಸಿಕೊಂಡರು. ಅತ್ತೆ ಅದನ್ನು ನೋಡಿದರು, ಸಿಟ್ಟಿನಲ್ಲೇ ಇನ್ನೊಂದು ಸೌಟು ಹುಳಿ ಸುರಿದರು.

ಫಟಫಟಿ ಕಲಿಸಿದವರು ಇಮಾಮ್ ಸಾಬರು. ಸೊರಬದಿಂದ ಶಿಕಾರಿಪುರಕ್ಕೆ ಹೋಗುವ ಬಸ್ಸಿನ ಡ್ರೈವರು. ಬಸ್ಸು ತಂದು ನಿಲ್ಲಿಸಿ, ಮುಖ ತೊಳೆದುಕೊಂಡು, ಸಂಜೆ ಶಾಲೆಯ ಮೈದಾನಕ್ಕೆ ಬರುತ್ತಿದ್ದರು. ಮೈದಾನ ನಮ್ಮ ಹಿತ್ತಿಲ ಬೇಲಿಯಾಚೆಗೇ ಇತ್ತು. ನಾನು ಬಾಳೆಯ ಮರೆಯಲ್ಲಿ ಪಾತ್ರೆ ತೊಳೆಯುತ್ತ ಕೂತರೆ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಆ ದಿನಗಳಲ್ಲಿ ನಮ್ಮ ಮನೆಯ ಪಾತ್ರೆಗಳು ಹೊಳೆದಷ್ಟು ಮುಂದೆಂದೂ ಹೊಳೆಯಲಿಲ್ಲ.

ಮಾವನವರಿಗೆ ಗಾಡಿಯ ಮೇಲೆ ಕೂರುವುದು ಕಲಿಸಬೇಕಾಗಿರಲಿಲ್ಲ. ಬೆನ್ನು, ಮಂಡಿ, ನೋಟ, ಎಲ್ಲ ಗಂಗೆಯ ಮೇಲೆ ಇದ್ದ ಹಾಗೇ. ತೊಂದರೆ ಇದ್ದದ್ದು ನಿಲ್ಲಿಸುವುದರಲ್ಲಿ. ಎದುರಿಗೆ ಏನಾದರೂ ಬಂದರೆ ಅವರ ಎರಡೂ ಕೈ ತಾವಾಗಿಯೇ ಹಿಂದಕ್ಕೆ ಎಳೆಯುತ್ತಿದ್ದವು, ಲಗಾಮು ಎಳೆದ ಹಾಗೆ. ಈ ಪ್ರಾಣಿಯಲ್ಲಿ ಬಲಗೈ ಹಿಡಿಯನ್ನು ಹಿಂದಕ್ಕೆ ತಿರುಗಿಸಿದರೆ ವೇಗ ಹೆಚ್ಚುತ್ತದೆ. ಅವರು ನಿಲ್ಲು ಅಂತ ಎಳೆದಷ್ಟೂ ಅದು ಓಡುತ್ತಿತ್ತು.

"ಶೇಕ್ದಾರ್ರೇ, ಎಳೀಬ್ಯಾಡ್ರೀ! ಇದು ಕುದ್ರೆ ಅಲ್ರೀ! ಬಿಡ್ರಿ, ಕೈ ಸಡಿಲ ಬಿಡ್ರಿ!" ಅಂತ ಇಮಾಮ್ ಸಾಬರು ಟವೆಲ್ಲು ಬೀಸುತ್ತ ಹಿಂದೆ ಓಡುತ್ತಿದ್ದರು.

"ಹೋ, ಹೋ, ನಿಲ್ಲೇ ತಾಯಿ!" ಅಂತ ಮಾವನವರು ಫಟಫಟಿಗೆ ಹೇಳುತ್ತಿದ್ದರು.

ಬೇಲಿ ಎರಡು ಕಡೆ ಮುರಿಯಿತು. ಶಾಲೆಯವರು ದೂರು ಕೊಡಲಿಲ್ಲ, ಮಾವನವರ ಮೇಲಿನ ಗೌರವದಿಂದ. ಮಾವನವರು ದಿನಾ ಹೋದರು. ಬಿಸಿಲಿಗೆ ಹೋದರು, ಮಳೆಯ ಮಾರನೆ ದಿನ ಕೆಸರಿಗೂ ಹೋದರು. ಹುಡುಗರು ಬೇಲಿಯ ಮೇಲೆ ಸಾಲಾಗಿ ಕೂತು ನಗುತ್ತಿದ್ದರು, ಮಾವನವರು ಆ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಇಡೀ ಹೋಬಳಿ ಕಂಡ ಕೂಡಲೆ ಎದ್ದು ನಿಲ್ಲುತ್ತಿದ್ದ ಮನುಷ್ಯ, ತನಗಿಂತ ಹದಿನೈದು ವರ್ಷ ಚಿಕ್ಕ ಡ್ರೈವರನ ಎದುರು ಕೈಕಟ್ಟಿ ನಿಂತು, "ಇನ್ನೊಂದು ಸಲ ತೋರ್ಸಿ ಸಾಬ್ರೇ" ಅನ್ನುವುದನ್ನು ನಾನು ನನ್ನ ಕಿವಿಯಾರೆ ಕೇಳಿದೆ. ಕಲಿಯುವುದಕ್ಕೆ ನಾಚಿಕೊಳ್ಳದವರನ್ನು ಕಂಡರೆ ನನಗೆ ಆವತ್ತಿನಿಂದ ಬಹಳ ಮೆಚ್ಚುಗೆ. ನನ್ನಂಥ ನಾಚಿಕೆಯವಳಿಗೆ ಅದರ ಬೆಲೆ ಹೆಚ್ಚು ಗೊತ್ತು.

ಮೈದಾನ ಸಾಲದೆ ಹೋಯಿತು. ಒಂದು ದಿನ ಊಟಕ್ಕೆ ಕೂತಾಗ ಅಂದರು: "ದುರ್ಗಕ್ಕೆ ಹೋಗಿ ಶಾರದೆಯನ್ನ ನೋಡ್ಕೊಂಡು ಬರ್ತೀನಿ."

ಶಾರದೆ ಅವರ ಮಗಳು, ನನ್ನ ನಾದಿನಿ, ಚಿತ್ರದುರ್ಗಕ್ಕೆ ಕೊಟ್ಟಿತ್ತು. ಶಿರಾಳಕೊಪ್ಪ, ಶಿಕಾರಿಪುರ, ಹೊನ್ನಾಳಿ ದಾಟಿ ಹರಿಹರಕ್ಕೆ ಹೋದರೆ ಅಲ್ಲಿ ಪೂನಾದಿಂದ ಬೆಂಗಳೂರಿಗೆ ಹೋಗುವ ದೊಡ್ಡ ರಸ್ತೆ ಸಿಗುತ್ತದೆ. ಅದರ ಮೇಲೆ ದಾವಣಗೆರೆ ದಾಟಿ ದುರ್ಗ. ಸರ್ವೀಸಿನಲ್ಲಿ ಇದ್ದಷ್ಟು ದಿನ ಹೋಬಳಿ ಬಿಟ್ಟು ಹೋಗಬೇಕಾದರೆ ಅಪ್ಪಣೆ ಬೇಕಿತ್ತು ಅವರಿಗೆ. ಆ ದೊಡ್ಡ ರಸ್ತೆಯನ್ನು ಅವರು ನಕ್ಷೆಯಲ್ಲಿ ಬಿಟ್ಟರೆ ಕಂಡಿರಲಿಲ್ಲ.

ಅತ್ತೆ ಬಡಿಸುವ ಸೌಟು ಕೆಳಗಿಟ್ಟರು.

"ಹೋಗಿ. ನಾನು ಬೇಡ ಅಂದ್ರೆ ನಿಲ್ಲೋರಲ್ಲ ನೀವು. ಆದ್ರೆ ಒಂದು ಮಾತು ಕೊಡಿ. ಒಂದೇ ಒಂದು ಸಲ ಬಿದ್ರೂ ಅದನ್ನ ಮಾರಿಬಿಡಬೇಕು."

"ಆಯ್ತು."

"ಹೀಗೆ ಅನ್ನ ಕಲಸ್ತಾ ಅಲ್ಲ. ದೇವರ ಮುಂದೆ."

ಮಾವನವರು ಕೈ ತೊಳೆದು, ದೇವರ ಕೋಣೆಯ ಹೊಸಿಲಿನ ಮುಂದೆ ನಿಂತು ಮಾತು ಕೊಟ್ಟರು. ನಾನು ಬಾಗಿಲ ಸಂದಿನಲ್ಲಿದ್ದೆ. ಅತ್ತೆಗೆ ಆ ಮಾತಿನಿಂದ ಸಮಾಧಾನವಾಯಿತು. ನನಗೆ ಆಗಲಿಲ್ಲ. ಫಟಫಟಿ ಹೋದರೆ ಅವರು ಮತ್ತೆ ಜಗಲಿಗೆ ಹೋಗುತ್ತಾರೆ. ಈ ಸಲ ಕೂತರೆ ಏಳುವುದಿಲ್ಲ ಅಂತ ನನಗೆ ಅನ್ನಿಸಿತ್ತು. ಮಾತು ತಪ್ಪುವ ಪೈಕಿಯಂತೂ ಅವರಲ್ಲ. ಹಾಗಾಗಿ ಅವರು ಬೀಳಕೂಡದು, ಅಷ್ಟೇ.

ಆ ಫಟಫಟಿಯನ್ನು ತಾನಂತೂ ಮುಟ್ಟುವುದಿಲ್ಲ ಅಂದರು ಅತ್ತೆ. ಆವತ್ತಿನಿಂದ ಅದರ ವಿಷಯ ಬಂದರೆ ಅತ್ತೆ ಮಾವನ ಜೊತೆ ನೇರ ಮಾತಾಡುವುದು ಬಿಟ್ಟರು. ಹೇಳಬೇಕಾದ್ದನ್ನು ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು. "ಕೆಲವರಿಗೆ ಚಳಿಗಾಳಿ ತಗುಲಲ್ಲಂತೆ, ಕಂಬವೇ," ಅನ್ನುವುದು. ಮಾವನವರೂ ಕಂಬಕ್ಕೇ ಉತ್ತರ ಕೊಡುತ್ತಿದ್ದರು. "ಕೋಟು ಹೊಲಿಸಿದ್ರೆ ಆಯ್ತು, ಕಂಬವೇ." ನಾನು ಕಂಬದ ಪಕ್ಕದಲ್ಲೇ ರಾಗಿ ಬೀಸುತ್ತಿದ್ದೆ. ನಗು ತಡೆಯುವುದಕ್ಕೆ ಬೀಸುಕಲ್ಲನ್ನು ಜೋರಾಗಿ ತಿರುಗಿಸಬೇಕಾಗುತ್ತಿತ್ತು.

ಕೋಟು ಹೊಲಿಯುವ ಕೆಲಸ ನನಗೆ ಬಂತು. ತವರಿನಿಂದ ನನಗೆ ಒಂದು ಕೈಮಿಷನ್ನು ಕೊಟ್ಟಿದ್ದರು. ಮಾವನವರಿಗೆ ಖಾಕಿ ಬಟ್ಟೆ ಸಿಕ್ಕಿತ್ತು. ಇಮಾಮ್ ಸಾಬರು ಜಗಲಿಯಲ್ಲಿ ಕಾಫಿ ಕುಡಿಯುತ್ತ ಹೇಳಿದ್ದು ನನಗೂ ಕೇಳಿಸಿತ್ತು: "ಬಿದ್ರೆ ಮೊದ್ಲು ನೆಲಕ್ಕೆ ತಾಗೋದು ಮೊಣಕೈ, ಆಮ್ಯಾಲೆ ಮೊಣಕಾಲು. ಅಲ್ಲಿಗೆ ಏನಾದ್ರೂ ದಪ್ಪ ಇರ್ಲಿ." ಮಾವನವರು ಹತ್ತಿ ತುಂಬಿಸಿದರೆ ಹೇಗೆ ಅಂದರು. ಹತ್ತಿ ಒಂದು ಕಡೆಗೆ ಜಾರಿ ಗಂಟಾಗುತ್ತೆ ಅಂದರು ಸಾಬರು.

ನನಗೆ ಉತ್ತರ ಗೊತ್ತಿತ್ತು. ಈ ಸಲ ಅವ್ವನ ಅಡಿಗೆ ಮನೆಯವರೆಗೆ ಕಾಯುವ ಹಾಗಿರಲಿಲ್ಲ. ಅತ್ತೆ ತರಕಾರಿ ಹೆಚ್ಚುತ್ತಿದ್ದಾಗ ಒರಳಿಗೆ ಹೇಳುವ ಹಾಗೆ ಮೆಲ್ಲಗೆ ಅಂದೆ: "ಕೌದಿ ಹಾಕಬೌದಲ್ಲರೀ ಅತ್ತಿ."

ಸೊರಬದಲ್ಲಿ ಹೊದೆಯುವುದು ಕಂಬಳಿ. ಕೌದಿ ನಮ್ಮ ಕಡೆಯದು, ಬಯಲಿನವರದ್ದು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಇಟ್ಟು, ಇರುವೆ ಸಾಲಿನ ಹಾಗೆ ಹೊಲಿಗೆ ಹಾಕುತ್ತ ಹೋಗುವುದು. ಬೇಸಿಗೆಯ ಮಧ್ಯಾಹ್ನ ನಮ್ಮ ಅಜ್ಜಿ ಮತ್ತು ಓಣಿಯ ಹೆಂಗಸರು ಬೇವಿನ ನೆರಳಲ್ಲಿ ನಾಲ್ಕು ಮೂಲೆಗೆ ಕೂತು ಹೊಲಿಯುತ್ತ ನಡುವಿಗೆ ಬರುತ್ತಿದ್ದರು. ಮೂಲೆಯಲ್ಲಿ ಶುರುವಾದ ಗಂಡನ ಮನೆಯ ಸುದ್ದಿ ನಡುವಿಗೆ ಬರುವಾಗ ನಗುವಾಗಿರುತ್ತಿತ್ತು. ಸೂಜಿಗೆ ದಾರ ಪೋಣಿಸುವ ಕೆಲಸ ನನ್ನದು. ನನ್ನ ಕಣ್ಣು ಚುರುಕು, ಬಾಯಿ ಸುಮ್ಮನೆ, ಹಾಗಾಗಿ ಎಲ್ಲ ಸುದ್ದಿಯೂ ನನಗೆ ಸಿಗುತ್ತಿತ್ತು. ಕೌದಿ ಮುಗಿಯುವಾಗ ಅಜ್ಜಿ ಕೊನೆಯ ತುಂಡಿನ ಕೆಳಗೆ ಒಂದು ಚೂರು ಜೋಳದ ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು. ಕೌದಿಯ ಹೊಟ್ಟೆ ತುಂಬಿಸುವುದು ಅಂತ ಅದಕ್ಕೆ ಹೆಸರು.

ಅತ್ತೆಗೆ ಕೌದಿ ಅಂದರೆ ಚಿಂದಿ. "ಶೇಕ್ದಾರ್ರು ಚಿಂದಿ ಹಾಕ್ಕೊಂಡು ದುರ್ಗಕ್ಕೆ ಹೋಗೋದಾ? ಬೀಗರ ಮನೆ ಅದು, ಹುಡುಗಿ!" ಅಂದರು.

"ಒಳಗಿರ್ತದ್ರೀ. ಮ್ಯಾಲೆ ಖಾಕಿ. ಕಾಣಂಗಿಲ್ಲ."

ಅತ್ತೆ ಹೆಚ್ಚುವುದು ನಿಲ್ಲಿಸಿದರು. ಈಳಿಗೆ ಮಣೆ ಪಕ್ಕಕ್ಕೆ ಸರಿಸಿ ಕೇಳಿದರು: "ಎಷ್ಟು ಪದರ ಹಾಕ್ತೀಯ?"

"ಆರು ಹಾಕಬೇಕಂತ ಮಾಡೀನ್ರೀ."

"ಎಂಟು ಹಾಕು," ಅಂದರು.

ಅಳತೆಯೇ ದೊಡ್ಡ ಕಷ್ಟವಾಯಿತು. ಮಾವನ ಮೈಗೆ ಸೊಸೆ ಅಳತೆ ಹಿಡಿಯುವುದು ಉಂಟೇ? ನಾನು ಅತ್ತೆಗೆ ಒಂದು ಹುರಿ ಕೊಟ್ಟೆ. ಅವರು ಒಳಗೆ ಹೋಗಿ ಅಳೆದು, ಗಂಟು ಹಾಕಿಕೊಂಡು ಬಂದರು. ಎದೆಗೆ ಒಂದು ಗಂಟು, ಸೊಂಟಕ್ಕೆ ಒಂದು, ತೋಳಿಗೆ ಒಂದು. ಹೊಲಿದೆ. ಖಾಕಿಯ ಕೆಳಗೆ ಮೊಣಕೈಗೆ ಎಂಟು ಪದರದ ಕೌದಿ, ಎದೆಗೂ ಬೆನ್ನಿಗೂ ಗಾಳಿ ತಡೆಯಲು ನಾಲ್ಕು ಪದರದ್ದು. ಮಾವನವರು ಹಾಕಿಕೊಂಡು ಅಂಗಳದಲ್ಲಿ ಅತ್ತ ಇತ್ತ ನಡೆದರು. ನಾನು ಅಡಿಗೆ ಮನೆಯ ಕಿಟಕಿಯಿಂದ ನೋಡಿದೆ. ಚೆನ್ನಾಗಿಯೇ ಕೂತಿತ್ತು. ಅವರೂ ನಾನು ನೋಡುತ್ತಿದ್ದೇನೆಂದು ತಿಳಿದು, ಕಿಟಕಿಯ ಎದುರು ಬಂದಾಗ ಏನೂ ಗೊತ್ತಿಲ್ಲದವರ ಹಾಗೆ ಒಂದು ಸುತ್ತು ತಿರುಗಿದರು. ಆಮೇಲೆ ಹೋಗಿ ಫಟಫಟಿಯ ಮೇಲೆ ಕೂತು ಕೈ ಮುಂದಕ್ಕೆ ಚಾಚಿದರು. ಕೋಟಿನ ತೋಳು ಮೇಲಕ್ಕೆ ಸರಿಯಿತು; ಮೊಣಕೈಯ ಕೌದಿ ಹೋಗಿ ರಟ್ಟೆಯ ಮೇಲೆ ಕೂತಿತು. ಬಿದ್ದರೆ ಅದು ಯಾತಕ್ಕೂ ಬಾರದು.

ತಪ್ಪು ಎಲ್ಲಿ ಅಂತ ಆಗ ಹೊಳೆಯಿತು. ನಿಂತವರ ಅಳತೆಗೆ ಹೊಲಿದಿದ್ದೆವು. ಕೂತವರ ಅಳತೆ ಬೇಕಿತ್ತು, ಅದೂ ಕೈ ಚಾಚಿ ಕೂತವರದ್ದು. ಅತ್ತೆಗೆ ಹೇಳಿದೆ.

"ನಾನು ಅದನ್ನ ಮುಟ್ಟಲ್ಲ ಅಂದಿದೀನಿ," ಅಂದರು ಅತ್ತೆ, ಕಂಬದ ಕಡೆಗೆ ತಿರುಗಿ.

ಅಂಗಳದಿಂದ ಮಾವನವರು ಕಂಬವನ್ನು ಬಿಟ್ಟು ನೇರವಾಗಿ ಅಂದರು: "ಗಾಡಿ ಮುಟ್ಟಬೇಡ ಮಾರಾಯ್ತಿ, ನನ್ನ ಮುಟ್ಟು."

ಅತ್ತೆಯ ಮುಖ ಕೆಂಪಾಯಿತು. ಹುರಿ ಕಿತ್ತುಕೊಂಡು ಹೋದರು. ಸೀರೆಯ ಸೆರಗು ಸಹ ಗಾಡಿಗೆ ತಾಗದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡು, ಹೆಗಲಿನಿಂದ ಮಣಿಕಟ್ಟಿನವರೆಗೆ ಅಳೆದು, ಮೊಣಕೈ ಮಡಿಚುವ ಜಾಗಕ್ಕೆ ಬೇರೆ ಗಂಟು, ಮೊಣಕಾಲಿಗೆ ಬೇರೆ ಗಂಟು ಹಾಕಿದರು. ನಾನು ಬಾಗಿಲ ಹಿಂದಿನಿಂದ "ಇನ್ನೂ ಸ್ವಲ್ಪ ಕೆಳಗ್ರೀ" ಅನ್ನುತ್ತಿದ್ದೆ. ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ನಿಂತ ಗಾಡಿಯ ಮೇಲೆ ಕೂತು ಕೈ ಚಾಚಿದ ಗಂಡ, ಸುತ್ತ ಹುರಿ ಹಿಡಿದು ಸುತ್ತುವ ಹೆಂಡತಿ. ಅಂಥ ದೃಶ್ಯ ಸೊರಬದಲ್ಲಿ ಯಾರೂ ನೋಡಿರಲಿಲ್ಲ.

ಎರಡನೆ ಸಲದ ತೋಳು ಸರಿಯಾಗಿ ಬಂತು. ಬೆನ್ನಿನ ಪದರದಲ್ಲಿ ಅಜ್ಜಿಯ ಹಾಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿದೆ. ಅತ್ತೆ ನೋಡಿಬಿಟ್ಟರು.

"ಕೋಟಿಗೂ ಊಟ ಹಾಕ್ತಿದೀಯಾ?"

ನಾನು ನಾಚಿ ಸತ್ತೆ. ಮಾರನೆ ಬೆಳಿಗ್ಗೆ ಗೂಟದಿಂದ ಕೋಟಿನವರೆಗೆ ಇರುವೆ ಸಾಲು ಹತ್ತಿತ್ತು. ನಿಜವಾದ ಇರುವೆಗಳು. ಬಿಚ್ಚಿ, ರೊಟ್ಟಿ ತೆಗೆದು, ಮತ್ತೆ ಹೊಲಿದೆ. ಬದಲಿಗೆ ಎರಡು ಜೋಳದ ಕಾಳು ಮಾತ್ರ ಒಳಗೆ ಇಟ್ಟೆ. ಅತ್ತೆ ಅದನ್ನೂ ನೋಡಿದರು.

ಇನ್ನು ತಲೆ. ರುಮಾಲು ಇಲ್ಲದೆ ಹೊರಡುವುದಿಲ್ಲ ಅಂದರು ಮಾವ. ಗಾಳಿಗೆ ರುಮಾಲು ನಿಲ್ಲುವುದಿಲ್ಲ ಅಂದರು ಸಾಬರು. ನಾನು ಎಳೆ ಮಕ್ಕಳಿಗೆ ಹೊಲಿಯುವ ಕುಲಾವಿಯನ್ನೇ ದೊಡ್ಡದು ಮಾಡಿ ಹೊಲಿದೆ: ಕಿವಿ ಮುಚ್ಚಿ ಗಲ್ಲದ ಕೆಳಗೆ ಕಟ್ಟುವಂಥದ್ದು, ಎಂಟು ಪದರ. ಅದರ ಮೇಲೆ ರುಮಾಲು ಸುತ್ತಿ ನಾಲ್ಕು ಕಡೆ ಹೊಲಿಗೆ ಹಾಕಿದೆ. ಶಾನುಭೋಗರು ನೋಡಿ, "ಶೇಕ್ದಾರ್ರಿಗೆ ನಾಮಕರಣ ಯಾವಾಗ?" ಅಂತ ಕೇಳಿದರಂತೆ. "ನಿಮ್ಮ ತೊಟ್ಟಿಲು ಖಾಲಿ ಆದ ದಿನ," ಅಂದರಂತೆ ಮಾವ.

ಕಾಲಿಗೆ ಪ್ಯಾಂಟು ಅಂದರೆ ಕೇಳಲೇ ಇಲ್ಲ. ಕಚ್ಚೆ ಪಂಚೆಯೇ. ಅದರ ಮೇಲೆ ಮೊಣಕಾಲಿಗೆ ಕೌದಿಯ ತುಂಡು ಕಟ್ಟಿ, ಕೆಳಗೆ ಪೊಲೀಸರ ಹಾಗೆ ಪಟ್ಟಿ ಸುತ್ತುವುದು ಅಂತ ತೀರ್ಮಾನವಾಯಿತು. ಗಂಗೆಗೆ ಹುರುಳಿ ತಿನ್ನಿಸುತ್ತಿದ್ದ ಚರ್ಮದ ಚೀಲಕ್ಕೆ ಎಣ್ಣೆ ಹಚ್ಚಿ, ಪಾನಾ, ಗಾಳಿ ಹೊಡೆಯುವ ಪಂಪು, ಪಂಕ್ಚರಿನ ರಬ್ಬರು ತುಂಬಿದರು. ಧೂಳಿಗೆ ಕನ್ನಡಕವನ್ನು ನಿಮ್ಮ ಅಜ್ಜ ತಂದರು. ಅವರಾಗ ಶಿವಮೊಗ್ಗದಲ್ಲಿ ಮೇಷ್ಟ್ರ ತರಬೇತಿಯಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಅಪ್ಪನಿಗೆ ಬೇಡ ಅನ್ನುವ ಧೈರ್ಯ ಅವರಿಗೂ ಇರಲಿಲ್ಲ. ಕನ್ನಡಕ ಒರೆಸಿ ಒರೆಸಿ ಕೊಟ್ಟರು.

ಹೊರಡುವ ದಿನ ನಸುಕಿನಲ್ಲೇ ಅತ್ತೆ ಎದ್ದು ಬುತ್ತಿ ಕಟ್ಟಿದರು. ಬೇಡ ಅಂದವರು ಕಟ್ಟಿದ ಬುತ್ತಿ ನಾಲ್ಕು ಜನಕ್ಕೆ ಸಾಲುವಷ್ಟಿತ್ತು. ಮೊಸರನ್ನ, ಚಟ್ನಿಪುಡಿ, ಅವಲಕ್ಕಿ, ಶಾರದೆಗೆ ಕೋಡುಬಳೆ. ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಬೀದಿಯ ಜನ ಎಲ್ಲ ಸೇರಿದ್ದರು. ಇಮಾಮ್ ಸಾಬರು ಒಂದು ಸುತ್ತು ಬಂದು ಎಲ್ಲ ಮುಟ್ಟಿ ನೋಡಿ, "ಎಳೀಬ್ಯಾಡ್ರೀ" ಅಂತ ಮತ್ತೊಮ್ಮೆ ಹೇಳಿದರು. ಮಾವನವರು ಕಿಕ್ ಹೊಡೆದರು. ಫಟಫಟಿ ಗುಡುಗಿತು.

ನಾನು ಬಾಗಿಲ ಮರೆಯಲ್ಲಿದ್ದೆ. ಎಡಗಾಲಿನ ಪಟ್ಟಿ ಸಡಿಲಾಗಿ, ಪಂಚೆಯ ತುದಿ ಇಳಿದು, ಚೈನಿನ ಮೇಲೆ ಆಡುತ್ತಿರುವುದು ಕಂಡಿತು. ಸುತ್ತ ನೋಡಿದೆ, ಎಲ್ಲರ ಕಣ್ಣು ರುಮಾಲಿನ ಮೇಲೆ. ಅತ್ತೆಗೆ ಹೇಳೋಣವೆಂದರೆ ಅವರು ಕಣ್ಣು ಮುಚ್ಚಿ ಕೈಮುಗಿದು ನಿಂತಿದ್ದರು. ಗಾಡಿ ಅಲುಗಿತು.

"ಮಾವಾ! ಪಂಚೆ! ಪಂಚೆ ರೀ ಮಾವಾ!"

ಆ ದನಿ ನನ್ನದು ಅಂತ ನನಗೇ ಆಮೇಲೆ ಗೊತ್ತಾಯಿತು. ನಾನು ಬೀದಿಯ ನಡುವೆ ನಿಂತಿದ್ದೆ. ಮಾವನವರು ಗಾಡಿ ಆರಿಸಿ, ಬಗ್ಗಿ ನೋಡಿ, ಇಳಿದು, ಪಂಚೆ ಎತ್ತಿ ಸಿಕ್ಕಿಸಿ, ಪಟ್ಟಿ ಬಿಗಿಯಾಗಿ ಸುತ್ತಿದರು. ಅವರು ಕನ್ನಡಕವನ್ನು ಹಣೆಗೆ ಏರಿಸಿ ನೇರ ನನ್ನ ಕಡೆ ನೋಡಿದರು. ನಾನು ಸೊಸೆಯಾಗಿ ಬಂದ ಎರಡು ವರ್ಷದಲ್ಲಿ ಮೊದಲ ಸಲ ನನ್ನ ಜೊತೆ ಮಾತಾಡಿದರು.

"ಇನ್ನೇನಾದ್ರೂ ಕಾಣ್ತದೇನಮ್ಮಾ? ಇದ್ರೆ ಈಗ್ಲೇ ಹೇಳು."

ನಾನು ತಲೆ ಅಲ್ಲಾಡಿಸಿದೆ. ಮತ್ತೆ ಗುಡುಗಿತು, ನಿಂಬೆಹಣ್ಣು ಚಪ್ಪಟೆಯಾಯಿತು, ಹೋದರು.

"ದನಿ ಇದೆಯಲ್ಲ ಇವಳಿಗೆ!" ಅಂದರು ಅತ್ತೆ. ಬೈಗುಳ ಅಂದುಕೊಂಡು ಒಳಗೆ ಓಡಿದೆ. ಹಿಂದೆಯೇ ಬಂದು ನನ್ನ ಕೈಗೆ ಬಿಸಿ ಕಾಫಿ ಕೊಟ್ಟರು.

ಬರುತ್ತೇನೆಂದ ದಿನ ಅವರು ಬರಲಿಲ್ಲ. ಅತ್ತೆ ತುಳಸಿಗೆ ನೀರು ಹಾಕಿದ್ದಕ್ಕೇ ಮತ್ತೆ ಹಾಕಿದರು. ಬಸ್ಸಿನ ಸದ್ದಿಗೂ ಹೊರಗೆ ಬಂದರು, ಗಿರಣಿಯ ಸದ್ದಿಗೂ ಬಂದರು. ಮಾರನೆ ದಿನ ಸಂಜೆ ದನ ಬರುವ ಹೊತ್ತಿಗೆ, ಶಿರಾಳಕೊಪ್ಪದ ಕಡೆಯಿಂದ ಆ ಸದ್ದು ಕೇಳಿತು. ಅತ್ತೆ ಕೈಯಲ್ಲಿದ್ದ ಚೆಂಬನ್ನು ನನಗೆ ಕೊಟ್ಟು ಬೀದಿಗೇ ಹೋಗಿಬಿಟ್ಟರು.

ಕೆಂಪು ಧೂಳಿನಲ್ಲಿ ಮುಳುಗಿ ಎದ್ದ ಹಾಗೆ ಬಂದರು ಮಾವ. ಅತ್ತೆ ಅವರ ಹಣೆ ನೋಡಿದರು, ಕೈ ತಿರುಗಿಸಿ ನೋಡಿದರು, ನಡೆಯುವುದನ್ನು ನೋಡಿದರು. ಒಂದು ಗೀರೂ ಇರಲಿಲ್ಲ. ಶಾರದೆ ಒಂದು ದಿನ ಹಿಡಿದು ನಿಲ್ಲಿಸಿಕೊಂಡಿದ್ದಳಂತೆ. ಅತ್ತೆಯ ಮುಖ ಹೇಗೆ ಅರಳಿತೆಂದರೆ, ಮುಟ್ಟುವುದಿಲ್ಲ ಎಂದಿದ್ದ ಫಟಫಟಿಯ ಸೀಟಿನ ಧೂಳನ್ನು ಸೆರಗಿನಿಂದಲೇ ಒರೆಸಿದರು.

ಕೋಟನ್ನು ಬಿಚ್ಚಿ ಮಾವನವರು ಜಗಲಿಯ ತಂತಿಯ ಮೇಲೆ ಹಾಕಿದರು. ಕೊಡವಲು ನಾನು ತೆಗೆದುಕೊಂಡೆ. ಬಲ ಮೊಣಕೈಯ ಖಾಕಿ ಪೂರ್ತಿ ಉಜ್ಜಿಹೋಗಿತ್ತು. ಕೆಳಗಿನ ಕೌದಿಯ ನಾಲ್ಕಾರು ಪದರ ಹರಿದು, ಒಳಗಿನವು ಗಟ್ಟಿಯಾಗಿದ್ದವು. ಹೊಲಿಗೆಯೊಳಗೆ ಸಣ್ಣ ಜಲ್ಲಿ ಸಿಕ್ಕಿಕೊಂಡಿತ್ತು. ಅದು ಹೇಗೆ ಆಗುತ್ತದೆ ಅಂತ ಹೊಲಿದವಳಿಗೆ ಗೊತ್ತಾಗದೆ ಇರುತ್ತದೆಯೇ? ತಲೆ ಎತ್ತಿದೆ. ಮಾವನವರು ನನ್ನನ್ನೇ ನೋಡುತ್ತಿದ್ದರು. ಒಳಗೆ ಅತ್ತೆ ಹಾಡಿಕೊಂಡು ಒಲೆ ಹೊತ್ತಿಸುತ್ತಿದ್ದರು. ಮಾವನವರು ಒಂದು ಮಾತೂ ಆಡದಿದ್ದರೆ, ನಾನು ಇನ್ನೊಂದು ತುಂಡು ಹಚ್ಚಿಬಿಟ್ಟರೆ, ಗಾಡಿ ಮನೆಯಲ್ಲೇ ಉಳಿಯುತ್ತಿತ್ತು. ನಾನಂತೂ ಮಾತಾಡುವವಳಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಅವರು ಕೈಕಾಲು ತೊಳೆದರು. ಜಗಲಿಯ ಮೇಲೆ ಕೂತು ದೊಡ್ಡ ರಸ್ತೆಯ ವಿಷಯ ಹೇಳಿದರು. ಹುರಿ ಎಳೆದ ಹಾಗೆ ನೇರ, ಎರಡು ಎತ್ತಿನ ಗಾಡಿ ಅಕ್ಕಪಕ್ಕ ಹೋದರೂ ಜಾಗ ಉಳಿಯುತ್ತದೆ, ಲಾರಿಗಳು ಒಂದರ ಹಿಂದೊಂದು ಆನೆ ಹಿಂಡಿನ ಹಾಗೆ ಬರುತ್ತವೆ, ಡ್ರೈವರುಗಳು ಕೈ ಎತ್ತಿ ಸಲಾಮು ಮಾಡುತ್ತಾರೆ. ದಾವಣಗೆರೆ ದಾಟಿದ ಮೇಲೆ ಒಂದು ಕಡೆ ರಸ್ತೆಯೂ ಆಕಾಶವೂ ಕೂಡಿದ್ದನ್ನು ನೋಡಿ ಗಾಡಿ ನಿಲ್ಲಿಸಿ ಸುಮ್ಮನೆ ನಿಂತರಂತೆ. ಹರಿಹರದ ಚಹಾದಂಗಡಿಯಲ್ಲಿ ಲಾರಿಯವರು ಕೋಟು ಮುಟ್ಟಿ ಮುಟ್ಟಿ ನೋಡಿ, ಯಾವ ಊರಿನ ಟೈಲರು ಅಂತ ಕೇಳಿದರಂತೆ. "ನಮ್ಮನೆ ಸೊಸೆ ಅಂದೆ," ಅಂದರು. ಒಳಗೆ ನನ್ನ ರೊಟ್ಟಿ ಒಂದು ಸೀದುಹೋಯಿತು.

ಆಮೇಲೆ ಕರೆದರು.

"ಇವಳೇ, ಇಲ್ಲಿ ಬಾ. ಬಿದ್ದೆ."

ಅತ್ತೆ ಊದುಗೊಳವೆ ಹಿಡಿದುಕೊಂಡೇ ಬಂದರು. "ಎಂತ ಅಂದ್ರಿ?"

"ಬಿದ್ದೆ. ಬರುವಾಗ, ಹೊನ್ನಾಳಿ ದಾಟಿದ ಮೇಲೆ."

"ಯಾರಾದ್ರೂ ಅಡ್ಡ ಬಂದ್ರಾ?"

"ಒಂದು ಎಮ್ಮೆ. ಅದರದ್ದೇನೂ ತಪ್ಪಿಲ್ಲ, ಪಾಪ, ಅದು ನಿಂತಿತ್ತು. ನಾನು ಎಳೆದೆ, ಗಾಡಿ ಓಡ್ತು. ಕೋಟು ನೋಡು, ಮೊಣಕೈ ಹತ್ರ." ಆಮೇಲೆ ಅಂದರು, "ದೇವರ ಮುಂದೆ ಮಾತು ಕೊಟ್ಟಿದ್ದೆ. ನಾಳೆ ಇಮಾಮ್ ಸಾಬರಿಗೆ ಹೇಳ್ತೀನಿ, ಗಿರಾಕಿ ಇದ್ರೆ ನೋಡಲಿ."

ಅವರು ರುಮಾಲು ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಹೋದ ವರ್ಷ ಕೂರುತ್ತಿದ್ದ ಹಾಗೇ ಕೂತಿದ್ದರು. ನನಗೆ ನೋಡಲಾಗಲಿಲ್ಲ.

ಅತ್ತೆ ಕೋಟು ತೆಗೆದುಕೊಂಡು ಮೊಣಕೈಯ ಪದರಗಳನ್ನು ಒಂದೊಂದಾಗಿ ಬೆರಳಿನಿಂದ ಬಿಡಿಸಿ ನೋಡಿದರು. ಆಮೇಲೆ ಕಂಬಕ್ಕೆ ಹೇಳಲಿಲ್ಲ, ಅವರಿಗೇ ಕೇಳಿದರು.

"ಗಂಗೆ ಮೇಲಿಂದ ಎಷ್ಟು ಸಲ ಬಿದ್ದಿದ್ರಿ?"

"ಗಂಗೆ ಮೇಲಿಂದ ನಾನೆಲ್ಲಿ..."

"ಜಡೆ ಊರಿನ ಹತ್ರ ಹಳ್ಳ ದಾಟುವಾಗ ಬಿದ್ದು ಬಂದು, ಚಳಿ ಅಂತ ಕಂಬಳಿ ಹೊದ್ದು ಮಲಗಿದ್ರಿ. ಬೆನ್ನಿಗೆ ಉಪ್ಪಿನ ಶಾಖ ಕೊಟ್ಟವಳು ನಾನು. ಚಳಿಗೆ ಯಾರಾದ್ರೂ ಉಪ್ಪಿನ ಶಾಖ ಕೊಡ್ತಾರಾ?"

ಮಾವನವರು ತಲೆ ಎತ್ತಿದರು. "ನಿನಗೆ ಗೊತ್ತಿತ್ತಾ?"

"ಎಲ್ಲಾ ಸಲಾನೂ ಗೊತ್ತಿತ್ತು. ನೀವು ಹೊಸಿಲು ದಾಟಿದ್ರೆ ಸಾಕು, ಇವತ್ತು ಎಷ್ಟು ಮುರ್ಕೊಂಡು ಬರ್ತಾರೆ, ಅದರಲ್ಲಿ ಎಷ್ಟು ಮುಚ್ಚಿಡ್ತಾರೆ ಅಂತ ಕೂತು ಯೋಚಿಸೋದೇ ಆಯ್ತು ನನ್ನ ಸಂಸಾರ. ನೀವಾಗಿ ಬಂದು ಬಿದ್ದೆ ಅಂತ ಹೇಳಿದ್ದು ಇವತ್ತೇ ಮೊದ್ಲು."

ಎಲ್ಲದಕ್ಕೂ ಉತ್ತರ ಇದ್ದ ಮನುಷ್ಯ ನನ್ನ ಹಾಗೆ ನೆಲ ನೋಡಿದರು.

"ಗಾಡಿ ಇರ್ಲಿ," ಅಂದರು ಅತ್ತೆ. "ದೇವರ ಹತ್ರ ನಾನೇ ಮಾತಾಡ್ಕೊಳ್ತೀನಿ. ಬಿದ್ದಾಗೆಲ್ಲ ಹೀಗೇ ಬಂದು ಹೇಳಬೇಕು. ಹೇಳದೆ ಮುಚ್ಚಿಟ್ಟದ್ದು ಗೊತ್ತಾದ ದಿನ ಮಾರೋದು. ಏಳಿ, ಊಟಕ್ಕೆ."

ಊದುಗೊಳವೆಯನ್ನು ಅವರ ಕೈಯಲ್ಲಿ ಬಿಟ್ಟು ಒಳಗೆ ಬಂದರು. ನನ್ನ ಎದುರು ಬಂದಾಗ ಅತ್ತೆಯ ಕಣ್ಣು ತುಂಬಿತ್ತು. ಹೊಗೆ ಅಂದರು. ಒಲೆ ಆರಿತ್ತು.

ಆಮೇಲೆ ಬಹಳ ವರ್ಷ ಅವರು ಅದನ್ನು ಓಡಿಸಿದರು. ಇನ್ನೂ ಕೆಲವು ಸಲ ಬಿದ್ದರು. ಪ್ರತಿ ಸಲವೂ ಅಂಗಳದಲ್ಲಿ ಗಾಡಿ ನಿಲ್ಲಿಸಿ ಮೊದಲು ಅತ್ತೆಯನ್ನು ಕರೆದು, ಎಲ್ಲಿ ಬಿದ್ದೆ, ಹೇಗೆ ಬಿದ್ದೆ, ಯಾರು ಎತ್ತಿದರು ಅಂತ ನಡೆದದ್ದನ್ನೆಲ್ಲ ಹೇಳುತ್ತಿದ್ದರು. ಅತ್ತೆ ಕೇಳಿ, ಬೈದು, ಎಣ್ಣೆ ಹಚ್ಚುತ್ತಿದ್ದರು. ಅವರಿಬ್ಬರು ಅಷ್ಟು ಮಾತಾಡಿದ್ದನ್ನು ಅದಕ್ಕೆ ಮೊದಲು ಆ ಮನೆ ಕೇಳಿರಲಿಲ್ಲವಂತೆ.

ಮಕ್ಕಳೇ, ಅತ್ತೆ ಮಾವ ಇಬ್ಬರೂ ಒಟ್ಟಿಗೆ ಇರುವ ಫೋಟೋ ಒಂದೂ ನಮ್ಮಲ್ಲಿಲ್ಲ. ಅವರು ಒಬ್ಬರಿಗೊಬ್ಬರು ಆಡಿದ ಈ ನಾಲ್ಕು ಮಾತು ನನ್ನ ತಲೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಇರಲಿಲ್ಲ. ಈಗ ಈ ಹಾಳೆಗಳಲ್ಲಿವೆ. ನನ್ನ ಅಕ್ಷರ ಅಲ್ಲಲ್ಲಿ ನಡುಗಿದೆ, ಓದಿಕೊಳ್ಳಿ. ತೇವ ತಗುಲದ, ಇಲಿ ಬಾರದ ಒಂದು ಜಾಗ ನೋಡಿ, ನಿಮ್ಮಿಬ್ಬರಲ್ಲಿ ಯಾರು ಕೈಯಿಟ್ಟರೂ ಸಿಗುವ ಹಾಗೆ, ಇವನ್ನು ಜೋಪಾನವಾಗಿ ಇಟ್ಟುಕೊಳ್ಳಿ.